ಗಾಡಿ ಬಡಿದ ಜಿಂಕೆ ರಸ್ತೆಯಲ್ಲಿ ಇನ್ನೂ ಉಸಿರಾಡುತ್ತಿದ್ದರೆ ಏನು ಮಾಡಬೇಕು

ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋಗುವ ರಸ್ತೆ ಇರಲಿ, ಬನ್ನೇರುಘಟ್ಟದ ಅಂಚಿನ ಬಡಾವಣೆ ಇರಲಿ, ಹಾವೇರಿ ಜಿಲ್ಲೆಯ ಹೊಲದ ಪಕ್ಕದ ಹೆದ್ದಾರಿ ಇರಲಿ, ಗಾಡಿ ಬಡಿದು ಬಿದ್ದ ಜಿಂಕೆಯ ಸುತ್ತ ನಡೆಯುವುದು ಹೆಚ್ಚು ಕಡಿಮೆ ಒಂದೇ. ಐದು ನಿಮಿಷದಲ್ಲಿ ಜನ ಸೇರುತ್ತಾರೆ. ಒಬ್ಬರು ಬಾಟಲಿಯಿಂದ ಬಾಯಿಗೆ ನೀರು ಬಿಡುತ್ತಾರೆ. ಇನ್ನೊಬ್ಬರು ತಲೆ ಸವರುತ್ತಾರೆ. ನಾಲ್ಕೈದು ಮೊಬೈಲುಗಳ ಬೆಳಕು ಅದರ ಕಣ್ಣಿಗೆ ಬೀಳುತ್ತದೆ. ಕೊನೆಗೆ ಯಾರೋ ಇಬ್ಬರು ಕಾಲು ಹಿಡಿದು ಎತ್ತಿ ಗೂಡ್ಸ್ ಆಟೋಗೆ ಹಾಕಿಕೊಂಡು ಊರಿನ ಪಶು ಆಸ್ಪತ್ರೆಗೆ ಓಡುತ್ತಾರೆ, ಅಲ್ಲಿ ತಲುಪುವ ಹೊತ್ತಿಗೆ ಅದು ಸತ್ತಿರುತ್ತದೆ.

ಇವರಲ್ಲಿ ಯಾರೂ ಕೆಟ್ಟವರಲ್ಲ. ಕರುಳು ಚುರಕ್ ಅಂದಿದ್ದಕ್ಕೇ ಮಾಡಿದ್ದು. ಆದರೆ ಈ ನಾಲ್ಕೂ ಕೆಲಸ ಜಿಂಕೆಗೆ ಕೆಡುಕನ್ನೇ ಮಾಡುತ್ತವೆ. ಅದು ಯಾಕೆ ಅಂತ ಗೊತ್ತಾದರೆ, ಏನು ಮಾಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಕೆಲವು ಜಿಂಕೆಗಳನ್ನು ಉಳಿಸಲು ಆಗುವುದಿಲ್ಲ. ಅಂಥವಕ್ಕೆ ನೋವಿಲ್ಲದ, ಬೇಗನೆ ಬರುವ ಸಾವು ಕೊಡಿಸುವುದೇ ನಾವು ಮಾಡಬಹುದಾದ ದೊಡ್ಡ ಉಪಕಾರ. ಈ ಮಾತು ನಮ್ಮಲ್ಲಿ ಯಾರ ಬಾಯಲ್ಲೂ ಸುಲಭವಾಗಿ ಬರುವುದಿಲ್ಲ. ಆದರೂ ಆಡಲೇಬೇಕು.

ಭಯವೇ ಕೊಲ್ಲುತ್ತದೆ

ಜಿಂಕೆ ಅಂದರೆ ಹುಲಿ, ಚಿರತೆ, ಕಾಡುನಾಯಿಗಳಿಗೆ ಆಹಾರವಾಗುವ ಪ್ರಾಣಿ. ತನ್ನ ಹತ್ತಿರ ಬಂದು ಮುಟ್ಟುವ ಪ್ರತಿಯೊಂದೂ ತನ್ನನ್ನು ತಿನ್ನಲು ಬಂದದ್ದು ಅಂತಲೇ ಅದರ ಮೈ ತಿಳಿಯುತ್ತದೆ. ನೀವು ಪ್ರೀತಿಯಿಂದ ತಲೆ ಸವರಿದಾಗ ಅದು ಅಲ್ಲಾಡದೆ ಮಲಗಿರುತ್ತದಲ್ವಾ, ಅದು ಸಮಾಧಾನವಾದ ಲಕ್ಷಣ ಅಂದುಕೊಳ್ಳಬೇಡಿ. ಓಡಲು ಆಗದೆ, ಭಯದಲ್ಲಿ ಸೆಟೆದು ಬಿದ್ದಿರುತ್ತದೆ.

ಆ ಹೊತ್ತಿನಲ್ಲಿ ಅದರ ಒಳಗೆ ಏನಾಗುತ್ತಿದೆ ನೋಡಿ. ಅಡ್ರಿನಲಿನ್ ಏರುತ್ತದೆ, ಎದೆ ಹುಚ್ಚಾಪಟ್ಟೆ ಹೊಡೆದುಕೊಳ್ಳುತ್ತದೆ, ಮೈಯ ಶಾಖ ಏರುತ್ತದೆ. ಮಾಂಸಖಂಡಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಇದು ಮಿತಿ ಮೀರಿದರೆ ಮಾಂಸಖಂಡದ ಎಳೆಗಳೇ ಒಡೆಯಲು ಶುರುವಾಗುತ್ತವೆ, ಒಡೆದದ್ದು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ, ಮೂತ್ರ ಕಪ್ಪುಗಂದು ಬಣ್ಣಕ್ಕೆ ತಿರುಗುತ್ತದೆ, ಹೃದಯದ ಸ್ನಾಯುವೂ ಸೋಲುತ್ತದೆ. ವನ್ಯಜೀವಿ ವೈದ್ಯರು ಇದನ್ನು ಕ್ಯಾಪ್ಚರ್ ಮಯೋಪತಿ ಎನ್ನುತ್ತಾರೆ. ಜಿಂಕೆ ಜಾತಿಯ ಪ್ರಾಣಿಗಳಿಗೆ ಇದು ಬಹಳ ಬೇಗ ಬರುತ್ತದೆ. ಇದರಿಂದ ಕೆಲವು ಅಲ್ಲೇ ಸಾಯುತ್ತವೆ. ಕೆಲವು ಎದ್ದು ಓಡಾಡಿ, ಎಲ್ಲ ಸರಿಹೋಯಿತು ಅನ್ನಿಸಿ, ಕೆಲವು ದಿನಗಳ ನಂತರ ಸಾಯುತ್ತವೆ. ಚಿಕಿತ್ಸೆಯೂ ಅಷ್ಟಾಗಿ ಫಲ ಕೊಡುವುದಿಲ್ಲ. ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ.

ಅಂದರೆ ಗಾಡಿ ಬಡಿದ ಪೆಟ್ಟಿನಿಂದ ಬದುಕಬಹುದಾಗಿದ್ದ ಜಿಂಕೆ, ನಂತರ ಸೇರಿದ ಜನರ ಗಲಾಟೆಯಿಂದ ಸಾಯಬಹುದು. ಇದೊಂದು ವಿಷಯ ನೆನಪಿದ್ದರೆ ಅರ್ಧ ಕೆಲಸ ಆದ ಹಾಗೆ.

ಮೊದಲ ಹತ್ತು ನಿಮಿಷ

ಮೊದಲು ನಿಮ್ಮ ಜೀವ. ಗಾಡಿಯನ್ನು ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು ಹಿಂದೆ ದೂರಕ್ಕೆ ಇಡಿ. ಕತ್ತಲಲ್ಲಿ ಜಿಂಕೆ ನೋಡಲು ರಸ್ತೆ ಮಧ್ಯೆ ನಿಂತವರಿಗೆ ಇನ್ನೊಂದು ಗಾಡಿ ಬಡಿಯುವುದು ಎಷ್ಟು ಹೊತ್ತಿನ ಮಾತು? ಹುಲಿ, ಆನೆ ಇರುವ ಕಾಡಿನೊಳಗಿನ ರಸ್ತೆಯಾದರೆ ಗಾಡಿಯಿಂದ ಇಳಿಯಲೇಬೇಡಿ. ಅಲ್ಲಿ ಇಳಿಯುವುದಕ್ಕೆ ಅನುಮತಿಯೂ ಇರುವುದಿಲ್ಲ. ಫೋನು ಮಾಡಿ, ಸಿಗ್ನಲ್ ಇಲ್ಲದಿದ್ದರೆ ಮುಂದಿನ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ಅಲ್ಲಿರುವ ಗಾರ್ಡ್‌ಗೆ ಹೇಳಿ. ಅವರ ಹತ್ತಿರ ವಾಕಿಟಾಕಿ ಇರುತ್ತದೆ, ನಿಮ್ಮ ಮೊಬೈಲಿಗಿಂತ ಬೇಗ ಸುದ್ದಿ ಮುಟ್ಟುತ್ತದೆ.

ಫೋನು ಯಾರಿಗೆ? ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಅದು ಸಿಗದಿದ್ದರೆ 112, ಅವರು ಪೊಲೀಸರ ಮೂಲಕ ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಪ್ರಾಣಿ ರಸ್ತೆ ನಡುವೆ ಬಿದ್ದು ಬೇರೆ ಗಾಡಿಗಳಿಗೂ ಅಪಾಯ ಆಗುವಂತಿದ್ದರೆ 1033. ಪಶುಪಾಲನಾ ಇಲಾಖೆಯ 1962 ಸಂಚಾರಿ ಆಸ್ಪತ್ರೆ ಇರುವುದು ಮುಖ್ಯವಾಗಿ ದನಕರುಗಳಿಗೆ. ಕಾಡುಪ್ರಾಣಿ ಅಂದರೆ ಅವರೂ ಅರಣ್ಯ ಇಲಾಖೆ ಹೇಳಿದ ಮೇಲೆ ಬರುವುದು ಸರಿ. ಕಾಡಿನ ಅಂಚಿನಲ್ಲಿ ಮನೆಯೋ ತೋಟವೋ ಇರುವವರು ತಮ್ಮ ವಲಯ ಅರಣ್ಯಾಧಿಕಾರಿಯ, ಅಂದರೆ ಆರ್‌ಎಫ್‌ಓ ಕಚೇರಿಯ ನಂಬರನ್ನು ಇವತ್ತೇ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ. ರಾತ್ರಿ ಹನ್ನೊಂದು ಗಂಟೆಗೆ ಹುಡುಕುತ್ತಾ ಕೂರುವುದು ಕಷ್ಟ.

ಏನು ಹೇಳಬೇಕು ಅನ್ನುವುದು ಮುಖ್ಯ. "ಇಲ್ಲೊಂದು ಜಿಂಕೆ ಬಿದ್ದಿದೆ, ಬೇಗ ಬನ್ನಿ" ಅಂದರೆ ಅವರು ಎಲ್ಲಿಗೆ ಬರಬೇಕು? ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ, ಇಲ್ಲವೇ ಲೊಕೇಶನ್ ಕಳಿಸಿ. ಚುಕ್ಕಿ ಜಿಂಕೆಯೋ, ಕಡವೆಯೋ, ಕೃಷ್ಣಮೃಗವೋ ಹೇಳಿ. ಕೊಂಬು ಇದೆಯಾ ಹೇಳಿ. ತಲೆ ಎತ್ತುತ್ತಿದೆಯಾ, ಮುಂಗಾಲು ಆಡುತ್ತಿದೆಯಾ, ಹಿಂಗಾಲು ಆಡುತ್ತಿದೆಯಾ, ರಕ್ತ ಎಲ್ಲಿಂದ ಬರುತ್ತಿದೆ, ಇಷ್ಟನ್ನು ದೂರದಿಂದ ನೋಡಿ ಹೇಳಿ. ಬರುವವರು ಬಲೆ ತರಬೇಕೋ, ಸ್ಟ್ರೆಚರ್ ತರಬೇಕೋ, ವೈದ್ಯರನ್ನೇ ಕರೆತರಬೇಕೋ ಅಂತ ಇದರಿಂದ ತೀರ್ಮಾನ ಆಗುತ್ತದೆ. ಕಡವೆ ಗಂಡು 200 ಕಿಲೋ ದಾಟುತ್ತದೆ. ಅದಕ್ಕೆ ಕಾಡು ಕಾಯುವ ಇಬ್ಬರು ವಾಚರ್‌ಗಳು ಬೈಕಿನಲ್ಲಿ ಬಂದರೆ ಏನೂ ಮಾಡಲಾಗುವುದಿಲ್ಲ.

ಕಾಯುವಾಗ

ಸಿಬ್ಬಂದಿ ಬರಲು ಅರ್ಧ ಗಂಟೆ ಆಗಬಹುದು, ಎರಡು ಗಂಟೆಯೂ ಆಗಬಹುದು. ಅಷ್ಟು ಹೊತ್ತು ನಿಮ್ಮ ಕೆಲಸ ಒಂದೇ, ಜಿಂಕೆಯ ಸುತ್ತ ಕತ್ತಲೆ ಮತ್ತು ಮೌನ ಇರುವಂತೆ ನೋಡಿಕೊಳ್ಳುವುದು. ಜನರನ್ನು ಹಿಂದಕ್ಕೆ ಕಳಿಸಿ. ಗಾಡಿಯ ಎಂಜಿನ್ ಆರಿಸಿ, ಹೆಡ್‌ಲೈಟ್ ಅದರ ಮೇಲೆ ಬೀಳದಂತೆ ಮಾಡಿ. ಮೊಬೈಲು ಒಳಗಿಡಿ. ಮಾತು ಬೇಡ. ಮನುಷ್ಯರ ದನಿ ನಮಗೆ ಸಮಾಧಾನ, ಅದಕ್ಕಲ್ಲ. ಬೀದಿನಾಯಿಗಳು ರಕ್ತದ ವಾಸನೆಗೆ ಬರುತ್ತವೆ, ಅವನ್ನು ದೂರ ಇಡುವುದಕ್ಕೆ ಒಬ್ಬರು ಕೋಲು ಹಿಡಿದು ನಿಂತರೆ ದೊಡ್ಡ ಸಹಾಯ.

ಅದು ರಸ್ತೆಯ ಪಕ್ಕದಲ್ಲಿ, ಗಾಡಿಗಳಿಂದ ದೂರ ಬಿದ್ದಿದ್ದರೆ ಮುಟ್ಟಲೇಬೇಡಿ. ಏಕೆಂದರೆ ತಲೆಗೆ ಪೆಟ್ಟಾಗಿ ಮಂಕಾಗಿ ಬಿದ್ದ ಜಿಂಕೆ ಅರ್ಧ ಗಂಟೆಯಲ್ಲಿ ತಾನೇ ಎದ್ದು ಕಾಡಿಗೆ ಹೋಗುವುದುಂಟು. ನೋಡಲು ಸತ್ತಂತೆಯೇ ಇರುತ್ತದೆ, ಕಣ್ಣು ತೆರೆದಿರುತ್ತದೆ, ನಿಧಾನಕ್ಕೆ ಉಸಿರಾಡುತ್ತಿರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಎದ್ದುಬಿಡುತ್ತದೆ. ಹಾಗೆ ಎದ್ದರೆ ತಡೆಯಬೇಡಿ. ರಸ್ತೆಯ ಕಡೆಗೆ ತಿರುಗದಂತೆ ದೂರದಲ್ಲಿ ನಿಂತರೆ ಸಾಕು.

ರಸ್ತೆ ಮಧ್ಯೆಯೇ ಬಿದ್ದಿದೆ, ಲಾರಿಗಳು ಬರುತ್ತಿವೆ, ಸರಿಸದೆ ಬೇರೆ ದಾರಿಯಿಲ್ಲ ಅನ್ನುವಾಗ ಮಾತ್ರ ಹತ್ತಿರ ಹೋಗಬೇಕು. ಹೋಗುವುದಾದರೆ ಬೆನ್ನಿನ ಕಡೆಯಿಂದ ಹೋಗಿ. ಕಾಲುಗಳ ಕಡೆಯಿಂದ ಹೋಗಬೇಡಿ, ಜಿಂಕೆಯ ಗೊರಸು ಚೂಪು, ಒದೆತ ಬಿದ್ದರೆ ಹೊಟ್ಟೆ ಸೀಳಬಹುದು. ಗಂಡಾದರೆ ಕೊಂಬಿನ ಭಯ ಬೇರೆ. ತಲೆ ಬೀಸಿದರೆ ಕಣ್ಣು ಹೋಗುತ್ತದೆ. ಮೊದಲು ದಪ್ಪ ಟವಲ್ಲೋ ಗೋಣಿಚೀಲವೋ ಕಣ್ಣಿನ ಮೇಲೆ ಹಾಕಿ, ಮೂಗು ಬಾಯಿ ಮುಚ್ಚದಂತೆ ನೋಡಿಕೊಳ್ಳಿ. ಕಣ್ಣು ಮುಚ್ಚಿದ ಕೂಡಲೇ ಎಷ್ಟೋ ಜಿಂಕೆಗಳ ಒದ್ದಾಟ ಕಡಿಮೆಯಾಗುತ್ತದೆ. ಆಮೇಲೆ ಟಾರ್ಪಾಲಿನ ಮೇಲೆ ನಿಧಾನಕ್ಕೆ ಹೊರಳಿಸಿ, ಬೆನ್ನುಮೂಳೆ ಆದಷ್ಟು ನೇರ ಇರುವಂತೆ, ಟಾರ್ಪಾಲನ್ನೇ ಎಳೆದು ಪಕ್ಕಕ್ಕೆ ತನ್ನಿ. ಕಾಲು ಹಿಡಿದು ಎಳೆದರೆ, ಮುರಿದ ಮೂಳೆ ಚರ್ಮ ಸೀಳಿಕೊಂಡು ಹೊರಗೆ ಬರುತ್ತದೆ.

ಪಕ್ಕಕ್ಕೆ ತಂದ ಮೇಲೆ, ಆಗುವುದಾದರೆ, ಎದೆ ನೆಲಕ್ಕೆ ತಾಗಿರುವಂತೆ ಇಡಿ. ಹಸು ಮಲಗಿ ಮೆಲುಕು ಹಾಕುತ್ತದಲ್ಲ, ಆ ಭಂಗಿ. ಜಿಂಕೆಯೂ ಮೆಲುಕು ಹಾಕುವ ಪ್ರಾಣಿಯೇ. ಅದರ ದೊಡ್ಡ ಹೊಟ್ಟೆಯಲ್ಲಿ ಯಾವಾಗಲೂ ಗ್ಯಾಸ್ ಆಗುತ್ತಿರುತ್ತದೆ, ಅದು ತೇಗಿನ ಮೂಲಕ ಹೊರಗೆ ಹೋಗಬೇಕು. ಮಗ್ಗುಲಾಗಿ ಬಹಳ ಹೊತ್ತು ಮಲಗಿದರೆ ತೇಗು ಬರುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ, ಉಬ್ಬಿದ ಹೊಟ್ಟೆ ಶ್ವಾಸಕೋಶವನ್ನು ಒತ್ತುತ್ತದೆ. ಒಳಗಿನ ಮೇವು ಬಾಯಿಗೆ ಬಂದು ಉಸಿರಿನ ಕೊಳವೆಗೆ ಇಳಿದರೂ ಸಾವು.

ನೀರು ಬೇಡ ಅನ್ನುವುದೂ ಇದಕ್ಕೇ. ಪೆಟ್ಟು ಬಿದ್ದು ಮಂಕಾದ ಪ್ರಾಣಿಗೆ ನುಂಗುವ ಹಿಡಿತ ಇರುವುದಿಲ್ಲ. ನೀವು ಬಿಟ್ಟ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಹುಲ್ಲು, ಬಾಳೆಹಣ್ಣು, ಬಿಸ್ಕತ್ತು ಯಾವುದೂ ಬೇಡ. ನಮಗೆ ಕೊಡುವ ನೋವಿನ ಮಾತ್ರೆಯನ್ನಂತೂ ಪುಡಿ ಮಾಡಿ ಹಾಕಲೇಬೇಡಿ.

ಮುಟ್ಟುವವರು ಕೈಗವಸು ಹಾಕಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕವರಾದರೂ ಕೈಗೆ ಸುತ್ತಿಕೊಳ್ಳಿ. ನಾಯಿ ಕಚ್ಚಿದ ಜಿಂಕೆಯಾದರೆ ರೇಬೀಸ್ ಭಯ ಇದೆ. ಮಲೆನಾಡಿನಲ್ಲಾದರೆ ಉಣುಗಿನ ಬಗ್ಗೆ ಎಚ್ಚರ ಇರಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ, ಜಿಂಕೆಯ ಮೈಯಲ್ಲೂ ಉಣುಗು ಇರುತ್ತವೆ. ಮನೆಗೆ ಹೋಗಿ ಬಟ್ಟೆ ಬಿಸಿನೀರಿಗೆ ಹಾಕಿ, ಮೈಯೆಲ್ಲ ನೋಡಿಕೊಳ್ಳಿ.

ನಿಮ್ಮ ಗಾಡಿಗೆ ಹಾಕಿಕೊಂಡು ಹೋಗಬಹುದಾ?

ಸುಮ್ನೆ ಹಾಕಿಕೊಂಡು ಹೋಗಬೇಡಿ. ಮೊದಲನೆಯದು, ಮಂಕಾಗಿದ್ದ ಜಿಂಕೆ ಕಾರಿನೊಳಗೆ ಎಚ್ಚರವಾದರೆ ನಿಮಗೂ ಅದಕ್ಕೂ ಉಳಿಗಾಲವಿಲ್ಲ. ಎರಡನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಯನ್ನು ಹಿಡಿಯುವುದು, ಗಾಯ ಮಾಡುವುದು, ಹತ್ತಿರ ಇಟ್ಟುಕೊಳ್ಳುವುದು ಅಪರಾಧ. ದಾರಿಯಲ್ಲಿ ಯಾರಾದರೂ ತಡೆದರೆ, ಆಸ್ಪತ್ರೆಗೆ ಒಯ್ಯುತ್ತಿದ್ದೆ ಅನ್ನುವುದಕ್ಕೆ ನಿಮ್ಮ ಹತ್ತಿರ ಏನಿದೆ? ಆದ್ದರಿಂದ ಮೊದಲು ಇಲಾಖೆಗೆ ಫೋನು ಮಾಡಿ. ನಮಗೆ ಬರಲು ಆಗುವುದಿಲ್ಲ, ನೀವೇ ತನ್ನಿ ಅಂತ ಅವರೇ ಹೇಳಿದರೆ, ಹೇಳಿದವರ ಹೆಸರು ಕೇಳಿಕೊಳ್ಳಿ, ಅದನ್ನೇ ಒಂದು ಮೆಸೇಜ್ ಮಾಡಲು ಹೇಳಿ. ಎಲ್ಲಿಗೆ ಒಯ್ಯಬೇಕು ಅಂತಲೂ ಕೇಳಿ, ಏಕೆಂದರೆ ಎಲ್ಲ ಪಶು ಆಸ್ಪತ್ರೆಯಲ್ಲೂ ಜಿಂಕೆಗೆ ಬೇಕಾದ ಅರಿವಳಿಕೆ ಮದ್ದಾಗಲಿ, ಅಭ್ಯಾಸ ಇರುವವರಾಗಲಿ ಇರುವುದಿಲ್ಲ. ಬೆಂಗಳೂರಿನ ಸುತ್ತ ಆದರೆ ಕೆಂಗೇರಿಯ ಕಡೆ ಇರುವ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ, ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಪುನರ್ವಸತಿ ಕೇಂದ್ರ ಇದೆ. ಮೈಸೂರಿನ ಕಡೆ ಮೃಗಾಲಯದವರ ಕೂರ್ಗಳ್ಳಿ ಕೇಂದ್ರ ಇದೆ. ಎಲ್ಲ ಕಡೆಯೂ ಇಲಾಖೆಯ ಮೂಲಕ ಹೋಗುವುದೇ ಸರಿಯಾದ ದಾರಿ.

ಯಾವ ಜಿಂಕೆ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ

ವೈದ್ಯರು ಬಂದ ಮೇಲೆ ಅವರ ಮನಸ್ಸಿನಲ್ಲಿ ಇರುವ ಪ್ರಶ್ನೆ ಮೂಳೆ ಕೂಡಿಸಬಹುದಾ ಅನ್ನುವುದೊಂದೇ ಆಗಿರುವುದಿಲ್ಲ. ಈ ಪ್ರಾಣಿ ಮತ್ತೆ ಕಾಡಿನಲ್ಲಿ ಓಡಿ, ಮೇದು, ತನ್ನ ಹಿಂಡಿನ ಜೊತೆ ಬದುಕುತ್ತದಾ ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಮುಂಗಾಲು ಊರಿ ಏಳಲು ಮತ್ತೆ ಮತ್ತೆ ನೋಡುತ್ತದೆ, ಹಿಂಭಾಗ ಮಾತ್ರ ಹಾಗೇ ನೆಲದ ಮೇಲೆ ಎಳೆದುಕೊಂಡು ಬರುತ್ತದೆ, ಹಿಂಗಾಲಿಗೆ ಮುಟ್ಟಿದರೂ ಗೊತ್ತಾಗುವುದಿಲ್ಲ. ಹೀಗಿದ್ದರೆ ಬೆನ್ನುಮೂಳೆ ಮುರಿದಿರುವ ಸಾಧ್ಯತೆ ಹೆಚ್ಚು. ಅಂಥ ಜಿಂಕೆಯನ್ನು ಮತ್ತೆ ನಿಲ್ಲಿಸಲು ಆಗುವುದಿಲ್ಲ. ಗಾಡಿ ಬಡಿದ ಜಿಂಕೆಗಳಲ್ಲಿ ಇದು ಅಪರೂಪವೂ ಅಲ್ಲ, ಏಕೆಂದರೆ ಕಾರಿನ ಬಂಪರ್ ಬೀಳುವ ಎತ್ತರದಲ್ಲೇ ಅದರ ಕಾಲು, ಸೊಂಟ ಇರುವುದು. ಸೊಂಟದ ಮೂಳೆ ಮುರಿದರೆ ಕೆಲವು ಸಲ ಕೂಡಿಕೊಳ್ಳುತ್ತದೆ, ಆದರೆ ಹೆಣ್ಣಾದರೆ ಮುಂದೆ ಮರಿ ಹಾಕುವಾಗ ದಾರಿ ಸಾಲದೆ ಸಾಯಬಹುದು. ದವಡೆ ಪುಡಿಯಾದರೆ ಮೆಲುಕು ಹಾಕಲಾಗುವುದಿಲ್ಲ, ಹಸಿವಿನಿಂದ ಸಾಯುತ್ತದೆ. ಎರಡು ಕಾಲು ಮುರಿದರೆ, ಕರುಳು ಹೊರಗೆ ಬಂದಿದ್ದರೆ, ಮೂಗು ಬಾಯಿಂದ ನೊರೆ ನೊರೆ ರಕ್ತ ಬರುತ್ತಿದ್ದರೆ ಆಸೆ ಬಹಳ ಕಡಿಮೆ.

ಒಂದೇ ಕಾಲು ಮುರಿದಿದ್ದರೆ? ಇಲ್ಲಿ ವೈದ್ಯರಲ್ಲೇ ಬೇರೆ ಬೇರೆ ಅಭಿಪ್ರಾಯ ಇರುತ್ತದೆ. ದನಕ್ಕೆ ಪಟ್ಟಿ ಕಟ್ಟಿ ಕೊಟ್ಟಿಗೆಯಲ್ಲಿ ಕಟ್ಟಿಹಾಕಬಹುದು. ದೊಡ್ಡ ಜಿಂಕೆಯನ್ನು ವಾರಗಟ್ಟಲೆ ಕೋಣೆಯಲ್ಲಿ ಇಟ್ಟರೆ, ಪ್ರತಿ ಸಲ ಬಾಗಿಲು ತೆರೆದಾಗಲೂ ಗೋಡೆಗೆ ನುಗ್ಗುತ್ತದೆ, ಪಟ್ಟಿ ಕಿತ್ತುಕೊಳ್ಳುತ್ತದೆ, ಮೇವು ಬಿಡುತ್ತದೆ. ಮೇಲೆ ಹೇಳಿದ ಕ್ಯಾಪ್ಚರ್ ಮಯೋಪತಿ ಅಲ್ಲೂ ಕಾಯುತ್ತಿರುತ್ತದೆ. ಹಾಗಾಗಿ ಚರ್ಮ ಒಡೆಯದೆ, ಮೊಣಕಾಲಿನ ಕೆಳಗೆ ಮಾತ್ರ ಮುರಿದಿದ್ದು, ಜಿಂಕೆ ಮೂರು ಕಾಲಲ್ಲಿ ನಿಂತು ಓಡುತ್ತಿದ್ದರೆ ಹಿಡಿಯದೆ ಬಿಟ್ಟುಬಿಡುವುದೇ ಒಳ್ಳೆಯದು ಅನ್ನುವವರು ಇದ್ದಾರೆ. ಮೂರು ಕಾಲಲ್ಲೇ ಬದುಕಿದ ಜಿಂಕೆಗಳೂ ಇವೆ. ನನಗೂ ಇದೇ ಸರಿ ಅನ್ನಿಸುತ್ತದೆ. ಹುಲಿ ಹಿಡಿಯಬಹುದು, ಹೌದು. ಆದರೆ ಅದು ತನ್ನ ಕಾಡಿನಲ್ಲಿ ತನ್ನ ಕಾಲ ಮೇಲೆ ಇರುತ್ತದೆ.

ಇನ್ನು ಕೊಂಬು ಮುರಿದು ರಕ್ತ ಸುರಿಯುತ್ತಿದ್ದರೆ ನೋಡುವವರಿಗೆ ಗಾಬರಿಯಾಗುತ್ತದೆ. ಹೊಸದಾಗಿ ಬೆಳೆಯುತ್ತಿರುವ, ಮಖಮಲ್ಲಿನಂಥ ಚರ್ಮ ಇರುವ ಕೊಂಬಿನಲ್ಲಿ ರಕ್ತದ ಓಡಾಟ ಜಾಸ್ತಿ, ಅದಕ್ಕೇ ಅಷ್ಟು ರಕ್ತ. ಬೇರೆ ಪೆಟ್ಟಿಲ್ಲದಿದ್ದರೆ ಅದು ಸಾಮಾನ್ಯವಾಗಿ ನಿಲ್ಲುತ್ತದೆ, ಜಿಂಕೆಯ ಕೊಂಬು ಹೇಗೂ ಉದುರಿ ಮತ್ತೆ ಬರುತ್ತದೆ. ಕೃಷ್ಣಮೃಗದ ಕೊಂಬು ಮಾತ್ರ ಹಾಗಲ್ಲ, ಒಮ್ಮೆ ಮುರಿದರೆ ಮುರಿದಂತೆ.

ಸಾವಿನ ತೀರ್ಮಾನ ಯಾರದು

ಉಳಿಯುವುದಿಲ್ಲ ಅಂತ ಗೊತ್ತಾದ ಜಿಂಕೆಯನ್ನು ಏನು ಮಾಡಬೇಕು? ನಾವೇ ಕಲ್ಲೆತ್ತಿ ಹಾಕುವುದೋ, ಕತ್ತು ಕುಯ್ಯುವುದೋ ಖಂಡಿತ ಕೂಡದು. ಅದರಿಂದ ನೋವು ಇನ್ನೂ ಹೆಚ್ಚುತ್ತದೆ, ಜೊತೆಗೆ ಅದು ಬೇಟೆ ಅಂತಲೇ ಲೆಕ್ಕ.

ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಇದಕ್ಕೆ ದಾರಿ ಇದೆ. ಚೇತರಿಸಿಕೊಳ್ಳಲಾಗದಷ್ಟು ಊನವಾದ ಅಥವಾ ರೋಗ ಬಂದ ಕಾಡುಪ್ರಾಣಿಯನ್ನು ಕೊಲ್ಲಲು ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಕೃಷ್ಣಮೃಗದಂತೆ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿಯಾದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರೇ ಕೊಡಬೇಕು. ಮುಂದಿನ ಪಟ್ಟಿಯಲ್ಲಿರುವ ಪ್ರಾಣಿಗಾದರೆ ಅವರು ಅಧಿಕಾರ ಕೊಟ್ಟ ಅಧಿಕಾರಿಯೂ ಕೊಡಬಹುದು. ಕಾನೂನು ಹೀಗೆ ಬಿಗಿಯಾಗಿ ಇರುವುದಕ್ಕೆ ಒಳ್ಳೆಯ ಕಾರಣವೇ ಇದೆ. ಬಿಟ್ಟರೆ, ಗಾಯವಾಗಿತ್ತು ಅಂತ ಹೇಳಿ ಮಾಂಸ ಮಾಡಿಕೊಳ್ಳುವವರಿಗೆ ಬಾಗಿಲು ತೆರೆದಂತೆ.

ಆದರೆ ರಸ್ತೆ ಪಕ್ಕದಲ್ಲಿ ಸೊಂಟ ಮುರಿದು ಬಿದ್ದ ಜಿಂಕೆಗೆ ಗಂಟೆ ಅಂದರೆ ಗಂಟೆಯೇ. ಗಾರ್ಡ್ ಆರ್‌ಎಫ್‌ಓಗೆ ಹೇಳಿ, ಅವರು ಮೇಲಿನವರಿಗೆ ಹೇಳಿ, ಅಲ್ಲಿಂದ ಕಾಗದ ಬರುವವರೆಗೆ ಅದು ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಎಷ್ಟೋ ಕಡೆ ಸಿಬ್ಬಂದಿ ಸುಮ್ಮನೆ ಪಕ್ಕದಲ್ಲಿ ಕೂತು ಅದು ಸಾಯುವುದನ್ನು ಕಾಯುತ್ತಾರೆ. ಅವರಿಗೂ ಅದು ಸಂಕಟವೇ. ಕೊಲ್ಲಲು ಅವರಿಗೆ ಅಧಿಕಾರ ಇಲ್ಲ, ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ಅವರ ಕೆಲಸಕ್ಕೇ ಕುತ್ತು. ನನ್ನ ಪ್ರಕಾರ, ವೈದ್ಯರು ಸ್ಥಳದಲ್ಲೇ ನೋಡಿ ಬರೆದುಕೊಟ್ಟ ಮೇಲೆ, ಫೋನಿನಲ್ಲಿ ಫೋಟೋ ವಿಡಿಯೋ ನೋಡಿ, ಒಂದು ಗಂಟೆಯ ಒಳಗೆ ಅನುಮತಿ ಸಿಗುವಂಥ ವ್ಯವಸ್ಥೆ ಪ್ರತಿಯೊಂದು ವನ್ಯಜೀವಿ ವಿಭಾಗದಲ್ಲೂ ಇರಬೇಕು. ಅಧಿಕಾರವನ್ನು ಕೆಳಗಿನ ಅಧಿಕಾರಿಗೆ ಮೊದಲೇ ವಹಿಸಿಡಲು ಕಾನೂನು ಬಿಡುವ ಕಡೆಯಲ್ಲಾದರೂ ಅದನ್ನು ಮಾಡಿಟ್ಟಿರಬೇಕು. ಅನುಮತಿ ಬರುವವರೆಗೆ ನೋವಿಗೆ ಮದ್ದು, ಅರಿವಳಿಕೆ ಕೊಡಬೇಕು. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.

ದಯಾಮರಣ ಹೇಗೆ ಕೊಡುತ್ತಾರೆ ಅಂತ ಕೇಳುವವರಿಗೆ: ಮೊದಲು ಕ್ಸೈಲಜೀನ್, ಕೆಟಮಿನ್‌ನಂಥ ಮದ್ದಿನಿಂದ ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ಆಮೇಲೆ ರಕ್ತನಾಳಕ್ಕೆ ಕೊಡುವ ಇನ್ನೊಂದು ಮದ್ದಿನಿಂದ ಉಸಿರು, ಹೃದಯ ನಿಲ್ಲುತ್ತದೆ. ಸರಿಯಾಗಿ ಮಾಡಿದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ.

ಸತ್ತ ಮೇಲೆ

ಸತ್ತ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅದು ನಿಮ್ಮ ವಶಕ್ಕೆ ಬಂದರೆ 48 ಗಂಟೆಯ ಒಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು ಅಂತ 39ನೇ ಸೆಕ್ಷನ್ ಹೇಳುತ್ತದೆ. ಹೇಗೂ ಸತ್ತಿದೆಯಲ್ಲ ಅಂತ ಮಾಂಸ ಹಂಚಿಕೊಂಡರೆ, ಚರ್ಮ ಕೊಂಬು ಇಟ್ಟುಕೊಂಡರೆ ಜೈಲಾಗುತ್ತದೆ. ಮದ್ದು ಕೊಟ್ಟ ಪ್ರಾಣಿಯ ಮಾಂಸ ತಿಂದರೆ ಜೀವಕ್ಕೂ ಅಪಾಯ. ಇಲಾಖೆಯವರು ಮಹಜರು ಮಾಡಿ, ಮರಣೋತ್ತರ ಪರೀಕ್ಷೆ ಮಾಡಿಸಿ ಮುಂದಿನದನ್ನು ನೋಡುತ್ತಾರೆ.

ಮದ್ದು ಬಿದ್ದ ಕಳೇಬರವನ್ನು ಸುಡಬೇಕು ಇಲ್ಲವೇ ಆಳವಾಗಿ ಹೂಳಬೇಕು. ಕಾಡಿನ ಪ್ರಾಣಿ ಕಾಡಿಗೇ ಹೋಗಲಿ ಅಂತ ಹಾಗೇ ಎಸೆದರೆ ನರಿ, ರಣಹದ್ದು ತಿಂದು ಸಾಯಬಹುದು. ನೋವಿನ ಮದ್ದಿನ ಕತೆಯೂ ಇದೇ. ಡೈಕ್ಲೋಫೆನಾಕ್ ಕೊಟ್ಟ ದನದ ಕಳೇಬರ ತಿಂದೇ ನಮ್ಮ ದೇಶದ ರಣಹದ್ದುಗಳು ನಾಶದ ಅಂಚಿಗೆ ಬಂದದ್ದು. 2006ರಲ್ಲಿ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು, 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ನಿಷೇಧವಾದವು. ಮೆಲೋಕ್ಸಿಕಾಮ್ ರಣಹದ್ದಿಗೆ ತೊಂದರೆ ಮಾಡುವುದಿಲ್ಲ. ಬಂಡೀಪುರದ ಸುತ್ತ ಈಗಲೂ ರಣಹದ್ದುಗಳಿವೆ, ಹಾಗಾಗಿ ಜಿಂಕೆಗೆ ಮದ್ದು ಕೊಡುವಾಗ ಆಕಾಶದಲ್ಲಿ ಹಾರುವವುಗಳ ಲೆಕ್ಕವನ್ನೂ ಇಡಬೇಕು.

ಇದ್ಯಾವುದೂ ಇಲ್ಲದೆ ತಾನಾಗಿ ಸತ್ತ ಜಿಂಕೆ ರಸ್ತೆಯ ಮೇಲೇ ಇದ್ದರೂ ಅಪಾಯ. ಅದನ್ನು ತಿನ್ನಲು ಬಂದ ನರಿ, ಕತ್ತೆಕಿರುಬ, ಚಿರತೆಗೂ ಗಾಡಿ ಬಡಿಯುತ್ತದೆ. ಅದಕ್ಕೇ ಸತ್ತಿದ್ದರೂ ಫೋನು ಮಾಡಿ.

ತಾಯಿ ಸತ್ತು ಮರಿ ಉಳಿದರೆ

ಮರಿ ಒಂಟಿಯಾಗಿ ಹುಲ್ಲಿನಲ್ಲಿ ಮುದುರಿ ಮಲಗಿದೆ ಅಂದರೆ ಅನಾಥ ಅಂತ ಅರ್ಥವಲ್ಲ. ತಾಯಿ ಜಿಂಕೆ ಎಳೆ ಮರಿಯನ್ನು ಹೀಗೆ ಅಡಗಿಸಿಟ್ಟೇ ಮೇಯಲು ಹೋಗುತ್ತದೆ. ಅದನ್ನು ಮನೆಗೆ ತರುವುದು ತಾಯಿಯಿಂದ ಕಿತ್ತುಕೊಂಡ ಹಾಗೆ. ತಾಯಿ ಕಣ್ಣೆದುರಿಗೇ ಸತ್ತಿದ್ದರೆ ಮಾತ್ರ ಮಾತು ಬೇರೆ. ಆಗಲೂ ಮರಿ ಇರುವ ಜಾಗ ತೋರಿಸಿ, ಇಲಾಖೆಯವರಿಗೇ ಬಿಡಿ. ಸಾಕಿಕೊಳ್ಳುವ ಆಸೆ ಬೇಡವೇ ಬೇಡ. ಕಾನೂನಿಗೂ ವಿರುದ್ಧ, ಮರಿಗೂ ಒಳ್ಳೆಯದಲ್ಲ. ಮನುಷ್ಯರ ಭಯ ಕಳೆದುಕೊಂಡ ಗಂಡು ಜಿಂಕೆ ದೊಡ್ಡದಾಗಿ ಬೆದೆಗೆ ಬಂದಾಗ ಸಾಕಿದವರನ್ನೇ ಕೊಂಬಿನಿಂದ ತಿವಿಯುತ್ತದೆ.

ಬಡಿದದ್ದು ನಿಮ್ಮ ಗಾಡಿಯೇ ಆಗಿದ್ದರೆ

ಇಲ್ಲೇ ಹೆಚ್ಚಿನವರು ಹೆದರಿ ಓಡುವುದು. ಕೇಸು ಆಗುತ್ತದೆ, ಗಾಡಿ ಹಿಡಿದಿಡುತ್ತಾರೆ ಅಂತ. ಹೌದು, ಕೇಸು ಆಗಬಹುದು, ಅದರಲ್ಲೂ ರಕ್ಷಿತಾರಣ್ಯದೊಳಗೆ ವೇಗದ ಮಿತಿ ಮೀರಿ ಬಡಿದಿದ್ದರೆ ಆಗಲೇಬೇಕು ಅನ್ನುವವನು ನಾನು. ಆದರೆ ನಿಂತು, ತಾನೇ ಫೋನು ಮಾಡಿ, ಸಿಬ್ಬಂದಿ ಬರುವವರೆಗೆ ಕಾದವರ ಮಾತಿಗೂ, ಚೆಕ್‌ಪೋಸ್ಟಿನ ಕ್ಯಾಮೆರಾದಲ್ಲಿ ಮುರಿದ ಬಂಪರ್ ಸಮೇತ ಸಿಕ್ಕಿಬಿದ್ದವರ ಮಾತಿಗೂ ಬಹಳ ವ್ಯತ್ಯಾಸ ಇದೆ. ವಿಮೆಗೂ ಇದೇ ಒಳ್ಳೆಯದು. ಗಾಡಿಗೆ ಸ್ವಂತ ಹಾನಿಯ ವಿಮೆ ಇದ್ದರೆ ರಿಪೇರಿಗೆ ಕೇಳಬಹುದು, ಬರೀ ಥರ್ಡ್ ಪಾರ್ಟಿ ಇದ್ದರೆ ಸಿಗುವುದಿಲ್ಲ.

ಬಡಿಸಿಕೊಂಡ ಜಿಂಕೆ ಎದ್ದು ಓಡಿಹೋಯಿತು ಅಂದುಕೊಳ್ಳಿ. ಆಗಲೂ ತಿಳಿಸಿ. ಒಳಗೆ ರಕ್ತ ಸೋರುತ್ತಿರುವ ಪ್ರಾಣಿ ಸ್ವಲ್ಪ ದೂರ ಓಡಿ ಪೊದೆಯಲ್ಲಿ ಬೀಳುತ್ತದೆ. ಯಾವ ಕಡೆ ಹೋಯಿತು ಅಂತ ಒಂದು ಗುರುತು ಇಟ್ಟರೆ, ಆ ಜಾಗ ಗೊತ್ತಿರುವ ವಾಚರ್‌ಗಳು ಹೆಜ್ಜೆ ಹಿಡಿದು ಹುಡುಕಬಲ್ಲರು. ಸ್ವೀಡನ್‌ನಲ್ಲಿ ಇದು ಕಾನೂನೇ. ಜಿಂಕೆಗೆ ಬಡಿದರೆ, ಅದು ಓಡಿಹೋದರೂ, ಜಾಗಕ್ಕೆ ಗುರುತು ಹಾಕಿ 112ಕ್ಕೆ ತಿಳಿಸಲೇಬೇಕು, ಪೊಲೀಸರು ತರಬೇತಾದ ಬೇಟೆಗಾರರನ್ನು ಕಳಿಸಿ ಗಾಯಗೊಂಡ ಪ್ರಾಣಿಯನ್ನು ಹುಡುಕಿ ನೋವು ಮುಗಿಸುತ್ತಾರೆ. ಜರ್ಮನಿಯಲ್ಲಿರುವ ಕನ್ನಡಿಗರು 110ಕ್ಕೆ ಫೋನು ಮಾಡಿ, ಪೊಲೀಸರಿಂದಲೋ ಆ ಕಾಡಿನ ಬೇಟೆ ಹಕ್ಕು ಇರುವವರಿಂದಲೋ ಅಪಘಾತದ ಪತ್ರ ತೆಗೆದುಕೊಳ್ಳಿ, ವಿಮೆಯವರು ಅದನ್ನು ಕೇಳುತ್ತಾರೆ. ಅಮೆರಿಕದಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಿಳಿಬಾಲದ ಜಿಂಕೆಗಳ ಬೆದೆಯ ಕಾಲ, ಆಗ ಡಿಕ್ಕಿಗಳೂ ಜಾಸ್ತಿ. ಅಲ್ಲಿ ಗಾಯಗೊಂಡ ಜಿಂಕೆಯನ್ನು ಬಂದ ಪೊಲೀಸರೇ ಸಾಮಾನ್ಯವಾಗಿ ಗುಂಡಿಟ್ಟು ಮುಗಿಸುತ್ತಾರೆ. ಹೊಸದಾಗಿ ಹೋದವರಿಗೆ ನೋಡಲು ಕಷ್ಟ, ಆದರೆ ಅದು ಅಲ್ಲಿನ ದಯೆ. ಅಲ್ಲಿ ಜಿಂಕೆಗೆ ಬಡಿದರೆ ಕಾಂಪ್ರಿಹೆನ್ಸಿವ್ ವಿಮೆಯಲ್ಲಿ ಬರುತ್ತದೆ, ಅದನ್ನು ತಪ್ಪಿಸಲು ಹೋಗಿ ಮರಕ್ಕೆ ಬಡಿದರೆ ಕೊಲಿಷನ್ ಲೆಕ್ಕಕ್ಕೆ ಹೋಗುತ್ತದೆ.

ವೇಗದ ಲೆಕ್ಕ

80 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಜಿಂಕೆ ಕಂಡು ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಅಂದರೂ 33 ಮೀಟರ್ ಹೋಗಿರುತ್ತದೆ, ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಇನ್ನೂ 35 ಮೀಟರಾದರೂ ಬೇಕು. ಒಟ್ಟು ಸುಮಾರು 70 ಮೀಟರ್. ಡಿಮ್ ಲೈಟಿನಲ್ಲಿ ಅಷ್ಟು ದೂರ ಸರಿಯಾಗಿ ಕಾಣುವುದೇ ಇಲ್ಲ. 40ರಲ್ಲಿ ಹೋದರೆ 26 ಮೀಟರಿನಲ್ಲಿ ನಿಲ್ಲುತ್ತೀರಿ. ಬೆಳಗಿನ ಜಾವ, ಮುಸ್ಸಂಜೆ ಜಿಂಕೆಗಳ ಓಡಾಟ ಹೆಚ್ಚು, ರಸ್ತೆಯ ಪಕ್ಕ ಹಸಿ ಹುಲ್ಲು ಚಿಗುರಿದಾಗ ಇನ್ನೂ ಹೆಚ್ಚು. ಒಂದು ದಾಟಿತು ಅಂತ ವೇಗ ಏರಿಸಬೇಡಿ, ಹಿಂದೆ ಹಿಂಡೇ ಇರುತ್ತದೆ. ಲೈಟು ಡಿಮ್ ಮಾಡಿ, ಹೈಬೀಮ್ ಕಣ್ಣಿಗೆ ಬಿದ್ದರೆ ಅದು ಅಲ್ಲೇ ನಿಂತುಬಿಡುತ್ತದೆ. ಅಡ್ಡ ಬಂದೇಬಿಟ್ಟರೆ ನೇರವಾಗಿ ಬ್ರೇಕ್ ಹಾಕಿ, ಸ್ಟೀರಿಂಗ್ ಎಳೆದು ಎದುರಿನ ಬಸ್ಸಿಗೆ ಹೋಗಬೇಡಿ.

ಬಂಡೀಪುರದಲ್ಲಿ 2009ರಲ್ಲಿ ಜಿಲ್ಲಾಧಿಕಾರಿ ಹೊರಡಿಸಿದ ಆದೇಶದಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಂತಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ರಾತ್ರಿ ಬಿಡುತ್ತಾರೆ. ಮಧ್ಯ ಭಾರತದ ಪೆಂಚ್ ಕಾಡಿನಲ್ಲಿ ರಾಷ್ಟ್ರೀಯ ಹೆದ್ದಾರಿ 44ರ ಕೆಳಗೆ ಪ್ರಾಣಿಗಳು ದಾಟಲೆಂದೇ ದಾರಿ ಬಿಟ್ಟು ಕಟ್ಟಿದ್ದಾರೆ, ಅಲ್ಲಿಟ್ಟ ಕ್ಯಾಮೆರಾಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಚುಕ್ಕಿ ಜಿಂಕೆಗಳೇ. ಎರಡೂ ಕೆಲಸ ಮಾಡುತ್ತವೆ. ಆದರೆ ಹಗಲು ಹೊತ್ತಿನ ರಸ್ತೆಗೆ, ಕೆಳದಾರಿ ಇಲ್ಲದ ನೂರಾರು ರಸ್ತೆಗಳಿಗೆ ಇವು ಸಾಲುವುದಿಲ್ಲ. ಅಲ್ಲಿ ಕನಿಷ್ಠ ಎರಡು ಕಿಲೋಮೀಟರಿಗೊಂದು ಬೋರ್ಡು ಇರಲಿ, ಅದರಲ್ಲಿ 1926 ಮತ್ತು ಆ ವಲಯದ ಕಚೇರಿಯ ನಂಬರ್ ದೊಡ್ಡ ಅಕ್ಷರದಲ್ಲಿ ಇರಲಿ, ಜೊತೆಗೆ "ಮುಟ್ಟಬೇಡಿ, ನೀರು ಕುಡಿಸಬೇಡಿ, ಫೋನ್ ಮಾಡಿ" ಅಂತ ಒಂದು ಸಾಲು ಇರಲಿ. ನಿಮ್ಮ ಊರಿನ ಪಕ್ಕ ಅಂಥ ರಸ್ತೆ ಇದ್ದರೆ ಗ್ರಾಮ ಪಂಚಾಯಿತಿಯಲ್ಲಿ, ಆರ್‌ಎಫ್‌ಓ ಕಚೇರಿಯಲ್ಲಿ ಒಂದು ಅರ್ಜಿ ಕೊಡಿ.